ನಿಮೋಯ್‌ಗೆ ಸ್ಪಾಕ್ ಪಾತ್ರ ಅಂಟ್ಕೊಂಡಿದ್ದು ನಿಜವಾಗ್ಲೂ ನಷ್ಟಾನಾ?

ಹಳೇಟೀವಿ_ಹುಚ್ಚ:
ಸ್ಟಾರ್ ಟ್ರೆಕ್ ಅನ್ನೋ ಅಮೆರಿಕದ ಬಾಹ್ಯಾಕಾಶ ಸೀರಿಯಲ್ಲಲ್ಲಿ ಭಾವನೆ ತೋರಿಸ್ದೇ ಇರೋ ಅನ್ಯಗ್ರಹದ ಸ್ಪಾಕ್ ಆಗಿದ್ದ ಲಿಯೊನಾರ್ಡ್ ನಿಮೋಯ್ ವಿಷ್ಯ ಎಲ್ಲಿ ಬಂದ್ರೂ ಒಂದೇ ರಾಗ, ಪಾಪ ಆ ಚೂಪು ಕಿವಿ ಪಾತ್ರಕ್ಕೆ ಸಿಕ್ಕಾಕ್ಕೊಂಡ್ಬಿಟ್ರು, ಇಲ್ಲಾಂದಿದ್ರೆ ಎಲ್ಲೋ ಇರ್ತಿದ್ರು ಅಂತ. ಕೇಳಿ ಕೇಳಿ ಸಾಕಾಗಿ ಈ ಥ್ರೆಡ್ ಹಾಕ್ತಿದೀನಿ. ಎಲ್ಲೋ ಅಂದ್ರೆ ಎಲ್ಲಿ ಸ್ವಾಮಿ? ಸ್ಪಾಕ್ ಸಿಗೋಕ್ ಮುಂಚೆ ಎಲ್ಲಿದ್ರು ಅಂತ ಒಂದ್ಸಲ ನೋಡಿ, ಆಮೇಲೆ ಪಾಪ ಅನ್ನಿ.

1931ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿದ್ದು. ಅಪ್ಪ ಅಮ್ಮ ಉಕ್ರೇನ್ ಕಡೆಯಿಂದ ಬಂದ ಯಹೂದಿಗಳು, ಅಪ್ಪಂದು ಕಟಿಂಗ್ ಶಾಪು. ಎಂಟು ವರ್ಷದ ಹುಡುಗ ಇದ್ದಾಗಿಂದ ನಾಟಕದ ಹುಚ್ಚು, ಮನೇಲಿ ಯಾರಿಗೂ ಇಷ್ಟ ಇಲ್ಲ, ವ್ಯಾಕ್ಯೂಮ್ ಕ್ಲೀನರ್ ಮಾರಿ ದುಡ್ಡು ಕೂಡಿಟ್ಕೊಂಡು ಕ್ಯಾಲಿಫೋರ್ನಿಯಾಗೆ ಹೊರಟ್ರು. 1952ರಲ್ಲಿ ಒಂದು ಬಾಕ್ಸಿಂಗ್ ಸಿನಿಮಾದಲ್ಲಿ ಹೀರೊ ಆದ್ರು, ಅದು ಬಂದಿದ್ದೂ ಗೊತ್ತಾಗ್ಲಿಲ್ಲ ಹೋಗಿದ್ದೂ ಗೊತ್ತಾಗ್ಲಿಲ್ಲ. ಆಮೇಲೆ ಸೈನ್ಯ, ವಾಪಸ್ ಬಂದು ಲಾಸ್ ಏಂಜಲಿಸ್‌ನಲ್ಲಿ ಟ್ಯಾಕ್ಸಿ. ಮಧ್ಯೆ ಮಧ್ಯೆ ಟೀವಿಲಿ ಚಿಕ್ಕ ಪಾತ್ರ, ಹೆಚ್ಚಿನಂಶ ವಿಲನ್ ಕಡೆಯವನು, ಗುಂಡು ತಿಂದು ಬೀಳೋನು. ಹೊಟ್ಟೆಪಾಡಿಗೆ ಆಕ್ಟಿಂಗ್ ಪಾಠಾನೂ ಹೇಳ್ಕೊಡ್ತಿದ್ರು.

1966 ಸೆಪ್ಟೆಂಬರ್ 8ಕ್ಕೆ ಎನ್‌ಬಿಸಿ ಚಾನೆಲ್ಲಲ್ಲಿ ಸ್ಟಾರ್ ಟ್ರೆಕ್ ಶುರುವಾದಾಗ ವಯಸ್ಸು 35, ಹೆಂಡ್ತಿ, ಇಬ್ರು ಮಕ್ಕಳು. ಅಲ್ಲೀತನಕ ಯಾವ್ ಕೆಲ್ಸಾನೂ ಎರಡು ವಾರಕ್ಕಿಂತ ಹೆಚ್ಚು ನಡೆದಿರ್ಲಿಲ್ಲ ಅಂತ ಅವ್ರೇ ಹೇಳ್ಕೊಂಡಿದಾರೆ. ಮೇಕಪ್ ರೂಮಿನ ಬಾಗಿಲ ಮೇಲೆ ಹೆಸ್ರು ಚಾಕ್‌ಪೀಸಲ್ಲಿ ಅಲ್ದೆ ಪೇಂಟಲ್ಲಿ ಬರೆಸಿದ್ದೂ ಅದೇ ಮೊದ್ಲು. ಹದಿನೈದು ವರ್ಷ ಅಲೆದೋನಿಗೆ ಇದು ಕೈಕೋಳ ಅಂತ ಅನ್ಸಿರುತ್ತಾ? ನನ್ ಲೆಕ್ಕದಲ್ಲಿ ಆ ಪಾತ್ರ ಅವ್ರ ಬಂಡವಾಳ, ಆಮೇಲೆ ಮಾಡಿದ್ದೆಲ್ಲಾ ಅದ್ರ ಮೇಲಿನ ಬಡ್ಡಿ.

ಎದುರ್‌ವಾದಿ:
ಗುರು, ಕೆಲಸ ಸಿಕ್ಕಿದ್ದು ಬೇರೆ ಕೆರಿಯರ್ ಬೇರೆ. ಮೂರು ಸೀಸನ್, 79 ಎಪಿಸೋಡು, 1969ಕ್ಕೆ ಅಂಗಡಿ ಬಂದ್. ಆಮೇಲೆ ಮನುಷ್ಯ 46 ವರ್ಷ ಬದುಕಿದ್ರು, 2015ರಲ್ಲಿ ಹೋದಾಗ ಎಲ್ಲಾ ಪೇಪರಲ್ಲೂ ಸ್ಪಾಕ್ ತೀರ್ಕೊಂಡ್ರು ಅಂತ್ಲೇ ಬರೆದಿದ್ದು. ಮೂರು ವರ್ಷದ ಕೆಲಸ ಮಿಕ್ಕಿದ್ದೆಲ್ಲಾನೂ ನುಂಗಿ ನೀರು ಕುಡಿದ್ಮೇಲೆ ಅದನ್ನ ಬಂಡವಾಳ ಅಂತೀಯಲ್ಲ.

ಸಂಜೆಮಲ್ಲಿಗೆ:
ನಂಗೂ ಹಂಗೇ ಅನ್ಸುತ್ತೆ. ಅಷ್ಟಕ್ಕೂ ಅವ್ರೇ 1975ರಲ್ಲಿ "ನಾನು ಸ್ಪಾಕ್ ಅಲ್ಲ" ಅಂತ ಹೆಸ್ರಿಟ್ಟು ಪುಸ್ತಕ ಬರೆದ್ರಲ್ವಾ? ಬೇಸರ ಇಲ್ದೆ ಇದ್ರೆ ಯಾರಾದ್ರೂ ಆ ಹೆಸ್ರಿಡ್ತಾರಾ?

ಹಳೇಟೀವಿ_ಹುಚ್ಚ:
@ಸಂಜೆಮಲ್ಲಿಗೆ ಆ ಪುಸ್ತಕದ ಹೊದಿಕೆ ನೋಡಿ ಜಗಳಕ್ಕೆ ನಿಂತೋರೇ ಜಾಸ್ತಿ ಮೇಡಂ, ಒಳಗೆ ಓದಿದೋರು ಕಮ್ಮಿ. ವಿಮಾನ ನಿಲ್ದಾಣದಲ್ಲಿ ಒಬ್ಬ ತಾಯಿ ತನ್ನ ಮಗುನ ಕರ್ಕೊಂಡ್ ಬಂದು ನೋಡು ಸ್ಪಾಕ್ ಅಂದ್ರೆ, ಮಗು ಎದುರಿಗೆ ನಿಂತಿರೋ ಈ ಮಾಮೂಲಿ ಮನುಷ್ಯನ್ನ ಬಿಟ್ಟು ಸ್ಪಾಕ್ ಎಲ್ಲಿ ಅಂತ ಹುಡುಕ್ತಂತೆ, ಅಲ್ಲಿಂದ ಹುಟ್ಟಿದ ಯೋಚನೆ ಅದು. ಒಳಗೆ ಸ್ಪಾಕ್ ಜೊತೆ ತಾನೇ ಮಾತಾಡೋ ಹಂಗೆ ಬರೆದಿರೋ ಭಾಗಗಳಿವೆ, ಬೈಗುಳ ಎಲ್ಲೂ ಇಲ್ಲ. ಬೇರೆ ಯಾರಾದ್ರೂ ಆಗೋ ಅವಕಾಶ ಇದ್ರೂ ಸ್ಪಾಕ್ ಆಗೋಕೇ ಇಷ್ಟ ಅನ್ನೋ ಧಾಟಿ. ಆದ್ರೆ ಟೈಮಿಂಗ್ ಕೆಟ್ಟದಿತ್ತು, ಮರುಪ್ರಸಾರದಿಂದ ಅಭಿಮಾನಿಗಳು ಜಾಸ್ತಿ ಆಗಿ ಸೀರಿಯಲ್ ವಾಪಸ್ ತನ್ನಿ ಅಂತ ಕೂಗ್ತಿದ್ದಾಗ ಇವ್ರು ಆ ಹೆಸ್ರಿಟ್ರು, ಎಲ್ರಿಗೂ ಉರಿ ಹತ್ಕೊಳ್ತು. 1995ರಲ್ಲಿ "ನಾನು ಸ್ಪಾಕ್" ಅಂತ ಇನ್ನೊಂದು ಬರೆದು ಸಮಾಧಾನ ಮಾಡ್ಬೇಕಾಯ್ತು.

ಗೂಬೆಕಣ್ಣು:
ಎಲ್ಲಾ ಮುಂದಿಂದೇ ಮಾತಾಡ್ತಿದೀರ, ಆ ಪಾತ್ರ ಶುರುವಾಗೋ ಮೊದಲೇ ಸಾಯ್ಬೇಕಿತ್ತು ಗೊತ್ತಾ. ಮೊದಲ ಪೈಲಟ್, ಅಂದ್ರೆ ಚಾನೆಲ್‌ಗೆ ತೋರ್ಸೋಕೆ ಮಾಡಿದ ಪ್ರಯೋಗದ ಎಪಿಸೋಡನ್ನ, ಎನ್‌ಬಿಸಿ ತಿರಸ್ಕಾರ ಮಾಡ್ತು. ಬಾಹ್ಯಾಕಾಶ ಹಡಗಿನ ಎರಡನೇ ಸ್ಥಾನದಲ್ಲಿ ಹೆಂಗಸೂ ಬೇಡ, ಆ ಕಿವಿಯವನೂ ಬೇಡ ಅನ್ನೋದು ಅವ್ರ ವಾದ. ಸೀರಿಯಲ್ ಹುಟ್ಟುಹಾಕಿದ ರಾಡನ್‌ಬೆರಿ ಇಬ್ರಲ್ಲಿ ಒಬ್ರನ್ನ ಉಳಿಸ್ಕೊಂಡ್ರು, ಆ ಹೆಂಗಸಿನ ಪಾತ್ರಕ್ಕಿದ್ದ ತಣ್ಣನೆ ಸ್ವಭಾವಾನ ಎತ್ತಿ ಸ್ಪಾಕ್‌ಗೆ ಹಾಕಿದ್ರು. ಅದಕ್ಕೇ ಆ ಹಳೇ ಪೈಲಟ್ ನೋಡಿದ್ರೆ ಸ್ಪಾಕ್ ಒಂದ್ಕಡೆ ನಗ್ತಾನೆ, ಆದೇಶ ಕೊಡುವಾಗ ಜೋರಾಗಿ ಕಿರುಚ್ತಾನೆ, ಈಗ ನೋಡೋಕೆ ವಿಚಿತ್ರ ಅನ್ಸುತ್ತೆ.

ಆಮೇಲೂ ಭಯ ಹೋಗ್ಲಿಲ್ಲ. ಚೂಪು ಕಿವಿ, ಮೇಲೆದ್ದ ಹುಬ್ಬು, ನೋಡಿದ್ರೆ ಸೈತಾನ್ ತರ ಕಾಣುತ್ತೆ, ದೇವಭಕ್ತರು ಇರೋ ಕಡೆ ಸ್ಟೇಷನ್‌ಗಳು ತಗೊಳಲ್ಲ ಅಂತ ಹೆದರಿ ಎನ್‌ಬಿಸಿಯವ್ರು ಪ್ರಚಾರದ ಪುಸ್ತಿಕೆಲಿ ಸ್ಪಾಕ್ ಫೋಟೋದ ಕಿವಿ ಹುಬ್ಬು ಎರಡನ್ನೂ ತಿದ್ದಿ ಮನುಷ್ಯನ ತರ ಮಾಡಿದ್ರು. ಕೆಲವೇ ತಿಂಗಳಲ್ಲಿ ಅತಿ ಹೆಚ್ಚು ಕಾಗದ ಬರ್ತಿದ್ದಿದ್ದು ಅದೇ ಕಿವಿಯವನಿಗೆ. ಹೆಂಗಿದೆ ನೋಡಿ.

ರಂಗದಹಿಂದೆ:
ನಾನು ನಾಟಕದವಳು, ಸೈಫೈ ನಂಗೆ ಅಷ್ಟಕ್ಕಷ್ಟೆ, ಆದ್ರೂ ನಿಮೋಯ್ ನಟನೆ ಬಗ್ಗೆ ಒಂದೆರಡು ಮಾತು ಹೇಳ್ಬೇಕು ಯಾಕಂದ್ರೆ ಎಲ್ರೂ ಮುಖ ಗಂಟು ಹಾಕ್ಕೊಂಡ್ ನಿಂತಿದ್ರು ಅಷ್ಟೆ ಅಂದ್ಕೊಂಡಿರ್ತಾರೆ.

ಶುರುನಲ್ಲಿ ಅವ್ರಿಗೇ ಪಾತ್ರ ಕೈಗೆ ಸಿಕ್ಕಿರ್ಲಿಲ್ಲ. ಒಂದು ಎಪಿಸೋಡಲ್ಲಿ ಪರದೆ ಮೇಲೆ ಏನೋ ಅಪಾಯ ಕಾಣುತ್ತೆ, ಹಡಗಲ್ಲಿರೋರೆಲ್ಲಾ ಗಾಬರಿ, ಇವ್ರಿಗೆ ಇದ್ದಿದ್ದು ಒಂದೇ ಪದದ ಡೈಲಾಗು. ಇವ್ರೂ ಎಲ್ರ ಜೊತೆ ಗಾಬರಿಯಲ್ಲೇ ಹೇಳಿದ್ರು. ನಿರ್ದೇಶಕ ಜೋಸೆಫ್ ಸಾರ್ಜೆಂಟ್ ಬಂದು ನೀನು ಬೇರೆ ತರ ಇರು, ವಿಜ್ಞಾನಿ ತರ ದೂರ ನಿಂತು ನೋಡು ಅಂದ್ರಂತೆ. ಅಷ್ಟೆ. ಎಲ್ರೂ ಮೇಲಿನ ಸ್ಥಾಯಿಲಿ ಇರ್ಬೇಕಾದ್ರೆ ಇವ್ರು ಕೆಳಗಿಳಿದ್ರು, ಎಲ್ರ ಕಣ್ಣೂ ಅವ್ರ ಮೇಲೇ ಹೋಗುತ್ತೆ. ರಂಗದ ಮೇಲೆ ಇದು ಹಳೇ ವಿದ್ಯೆ, ಆದ್ರೆ 79 ಎಪಿಸೋಡು ಬೋರ್ ಹೊಡೆಸ್ದೆ ಅದನ್ನ ಹಿಡ್ಕೊಂಡಿರೋದು ಎಲ್ರ ಕೈಲೂ ಆಗಲ್ಲ.

ಇನ್ನೊಂದು, ಎಲ್ರಿಗೂ ರೋಗ ಬಂದು ಮನಸಲ್ಲಿರೋದೆಲ್ಲಾ ಹೊರಗೆ ಬರೋ ಎಪಿಸೋಡ್ ಇದೆಯಲ್ಲ ಮೊದಲ ಸೀಸನ್ನಲ್ಲಿ. ಸ್ಕ್ರಿಪ್ಟಲ್ಲಿ ಸ್ಪಾಕ್ ಓಡಾಡೋ ದಾರೀಲಿ ಅಳೋದು, ಯಾರೋ ಬಂದು ಮುಖಕ್ಕೆ ಮೀಸೆ ಬರೆಯೋದು, ಒಂಥರಾ ತಮಾಷೆ ಸೀನ್ ಇತ್ತು. ನಿಮೋಯ್ ಬರಹಗಾರರ ಹತ್ರ ಹೋಗಿ ಇದು ಬೇಡ, ಇವನು ಅಳೋದಾದ್ರೆ ಯಾರೂ ನೋಡ್ದೇ ಇರೋ ಕಡೆ ಹೋಗಿ ಅಳ್ತಾನೆ ಅಂತ ಪಟ್ಟು ಹಿಡಿದ್ರು. ದಿನದ ಕೊನೆ, ಶೂಟಿಂಗ್ ಟೈಮ್ ಮುಗೀತಾ ಬಂದಿತ್ತು, ಒಂದೇ ಟೇಕಲ್ಲಿ ಆಗ್ಬೇಕಿತ್ತು, ಆಯ್ತು. ಖಾಲಿ ಕೋಣೆಗೆ ಬರ್ತಾರೆ, ಬಾಗಿಲು ಮುಚ್ಚುತ್ತೆ, ಮೇಜಿನ ಹತ್ರ ಕೂತು ತಡ್ಕೊಳೋಕ್ ನೋಡ್ತಾರೆ, ಆಗಲ್ಲ, ಗಣಿತ ಹೇಳ್ಕೊಂಡು ಮನಸು ಬೇರೆ ಕಡೆ ತಿರುಗಿಸೋಕ್ ನೋಡ್ತಾರೆ, ಅದೂ ಆಗಲ್ಲ. ಅಳು ಬರ್ಸೋದು ಯಾವ ನಟನಿಗೂ ಕಲಿಸ್ಬಹುದು, ಅಳು ತಡ್ಕೊಳೋದನ್ನ ಆಡಿ ತೋರ್ಸೋದು ಕಷ್ಟ. ಅದು ಪ್ರಸಾರ ಆದ್ಮೇಲೇನೇ ಕಾಗದಗಳ ಮಳೆ ಶುರುವಾಗಿದ್ದು ಅಂತ ಅವ್ರು ಹೇಳ್ತಿದ್ರು. ಮೂರು ಸೀಸನ್ನಿಗೂ ಟೀವಿಯ ಎಮ್ಮಿ ಪ್ರಶಸ್ತಿಗೆ ನಾಮಿನೇಷನ್ ಸುಮ್ನೆ ಬರ್ಲಿಲ್ಲ.

ಸಂಜೆಮಲ್ಲಿಗೆ:
ಅಯ್ಯೋ ಆ ಸೀನ್ ಒಂದೇ ಟೇಕಾ! ಮತ್ತೆ ನೋಡ್ಬೇಕು ಇವತ್ತು. ಹೌದೂ, ಕತ್ತು ಹಿಸುಕಿ ಮೂರ್ಛೆ ಬೀಳಿಸ್ತಾನಲ್ಲ ಅದೂ ಅವ್ರ ಐಡಿಯಾನೇ ಅಂತ ಕೇಳಿದೀನಿ?

ಗೂಬೆಕಣ್ಣು:
ಹೂಂ ಅದೂ ಅವ್ರದ್ದೇ. ಗನ್ನಿನ ಹಿಂಭಾಗದಿಂದ ಹೊಡೆದು ಬೀಳಿಸ್ತಾನೆ ಅಂತ ಬರೆದಿದ್ರು, ಸ್ಪಾಕ್ ಅಂಥೋನು ಹೊಡೆದಾಟ ಮಾಡಲ್ಲ ಅಂತ ಭುಜದ ಹತ್ರ ಅಮುಕೋದು ಹುಡುಕಿದ್ರು. ಬೆರಳು ಎರಡೆರಡು ಜೋಡಿ ಮಾಡಿ ಕೈ ಎತ್ತೋ ನಮಸ್ಕಾರ ಇದೆಯಲ್ಲ ಅದಂತೂ ಚಿಕ್ಕವ್ರಿದ್ದಾಗ ಬಾಸ್ಟನ್ನಿನ ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಪುರೋಹಿತರು ಆಶೀರ್ವಾದ ಮಾಡುವಾಗ ಕೈ ಹಿಡಿಯೋ ರೀತಿ. ಆ ಹೊತ್ತಲ್ಲಿ ತಲೆ ಎತ್ತಿ ನೋಡ್ಬಾರ್ದು ಅಂತ ಅಪ್ಪ ಹೇಳಿದ್ರೂ ಕದ್ದು ನೋಡಿದ್ರಂತೆ. 1967ರಲ್ಲಿ ಎರಡನೇ ಸೀಸನ್ನಲ್ಲಿ ಸ್ಪಾಕ್ ತನ್ನ ಗ್ರಹಕ್ಕೆ ಹೋಗೋ ಎಪಿಸೋಡಲ್ಲಿ ಬಳಸಿದ್ರು, ಈಗ ಮೊಬೈಲ್ ಇಮೋಜಿಲೂ ಇದೆ.

ಎದುರ್‌ವಾದಿ:
ಒಳ್ಳೇ ನಟ ಅಲ್ಲ ಅಂತ ನಾನೆಲ್ಲಿ ಹೇಳ್ದೆ? ಒಳ್ಳೇ ನಟ ಆಗಿದ್ದಕ್ಕೇ ನಷ್ಟ ಅಂತಿರೋದು. ಮತ್ತೆ ಎಲ್ಲಾ ಸುಖವಾಗಿತ್ತು ಅನ್ನೋ ತರ ಬರೀಬೇಡಿ. ವಾರದಲ್ಲಿ ಐದು ದಿನ ಭಾವನೆ ಒತ್ತಿಟ್ಕೊಂಡು ಆ ಪಾತ್ರದಲ್ಲೇ ಇದ್ದು ಭಾನುವಾರದ ಹೊತ್ತಿಗೆ ಸ್ವಲ್ಪ ಹೊರಗೆ ಬಂದ್ರೆ ಸೋಮವಾರ ಮತ್ತೆ ಕಿವಿ ಅಂಟಿಸ್ಕೊಳೋದು, ಕುಡಿತ ಹತ್ಕೊಂಡಿದ್ದು ಆ ಸೀರಿಯಲ್ ಟೈಮಲ್ಲೇ, ವರ್ಷಾನುಗಟ್ಲೆ ಬಿಡೋಕಾಗ್ಲಿಲ್ಲ, ಮಗನ ಜೊತೆ ಸಂಬಂಧ ಹಳಸಿತ್ತು. ಅವ್ರೇ ಮುಚ್ಚುಮರೆ ಇಲ್ದೆ ಹೇಳ್ಕೊಂಡಿರೋ ವಿಷ್ಯ. ಇದನ್ನ ಬಡ್ಡಿ ಲೆಕ್ಕದಲ್ಲಿ ಎಲ್ಲಿ ಹಾಕ್ತೀಯ ಗುರು?

ಹಳೇಟೀವಿ_ಹುಚ್ಚ:
ಅದು ನಿಜ, ಅದಕ್ಕೆ ನನ್ ತಕರಾರಿಲ್ಲ. ಮನೆಗೆ ಬಿದ್ದ ಹೊಡೆತ ದೊಡ್ಡದೇ. ನಾನು ಹೇಳ್ತಿರೋದು ಕೆಲಸದ ಮಾತು.

1969ರಲ್ಲಿ ಸ್ಟಾರ್ ಟ್ರೆಕ್ ನಿಂತ ವರ್ಷಾನೇ ಮಿಷನ್ ಇಂಪಾಸಿಬಲ್ ಸೀರಿಯಲ್‌ಗೆ ಹೋದ್ರು, ಮಾರ್ಟಿನ್ ಲ್ಯಾಂಡೌ ಬಿಟ್ಟ ಜಾಗಕ್ಕೆ, ವೇಷ ಬದಲಾಯಿಸೋ ಪ್ಯಾರಿಸ್ ಅನ್ನೋ ಪಾತ್ರ. ಒಂದು ದಿನಾನೂ ಖಾಲಿ ಕೂರ್ಲಿಲ್ಲ. ಎರಡು ಸೀಸನ್ ಆದ್ಮೇಲೆ ಅವ್ರಾಗೇ ಸಾಕು ಅಂತ ಎದ್ದು ಬಂದ್ರು, ವೇಷ ನೂರಿದ್ರೂ ಒಳಗೆ ಮನುಷ್ಯ ಯಾರೂ ಇರ್ಲಿಲ್ಲ ಆ ಪಾತ್ರಕ್ಕೆ. ನಡೀತಿರೋ ದೊಡ್ಡ ಸೀರಿಯಲ್ ಬಿಟ್ಟು ಬರೋ ಧೈರ್ಯ 1965ರ ನಿಮೋಯ್‌ಗೆ ಇರ್ತಿತ್ತಾ? ಹೆಸ್ರು, ದುಡ್ಡು ಇದ್ದಿದ್ದಕ್ಕೆ ತಾನೆ ಬಿಟ್ಟಿದ್ದು.

ರಂಗದಹಿಂದೆ:
ಬಿಟ್ಟು ಬಂದಿದ್ದೂ ರಂಗಕ್ಕೇ. 1971ರಲ್ಲಿ ಫಿಡ್ಲರ್ ಆನ್ ದ ರೂಫ್ ಅನ್ನೋ ಸಂಗೀತ ನಾಟಕ ತಗೊಂಡು ಊರೂರು ತಿರುಗಿದ್ರು, ಬಡ ಯಹೂದಿ ಅಪ್ಪ ಟೆವ್ಯೆ ಪಾತ್ರ, ಯಹೂದಿಗಳ ಯಿಡ್ಡಿಷ್ ಭಾಷೆ ಮಾತಾಡೋ ಮನೇಲಿ ಬೆಳೆದೋರಿಗೆ ಅದು ತಮ್ಮ ಅಜ್ಜನ ಕಥೆ ಇದ್ದಂಗೆ. 1977ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇನಲ್ಲಿ ಎಕ್ವಸ್ ನಾಟಕ, ಡಾಕ್ಟರ್ ಪಾತ್ರ, ಅದೇ ಪಾತ್ರಾನ ಅದೇ ಬ್ರಾಡ್‌ವೇ ಪ್ರದರ್ಶನದಲ್ಲಿ ಅವ್ರಿಗಿಂತ ಮುಂಚೆ ಆಂಥನಿ ಹಾಪ್‌ಕಿನ್ಸ್, ರಿಚರ್ಡ್ ಬರ್ಟನ್ ಮಾಡಿದ್ರು. ಸ್ಪಾಕ್ ಅಂತ ಟಿಕೆಟ್ ತಗೊಂಡ್ ಬಂದೋರೂ ಇರ್ತಾರೆ, ಅದ್ರಲ್ಲಿ ತಪ್ಪೇನು? ಬಂದು ಕೂತ್ಮೇಲೆ ಎರಡೂವರೆ ಗಂಟೆ ಹಿಡಿದು ಕೂರ್ಸೋದು ನಟನ ಕೆಲಸ.

ನಂಗೆ ತುಂಬ ಹಿಡಿಸೋದು ವಿನ್ಸೆಂಟ್. ಒಬ್ಬರೇ ನಟ. ವ್ಯಾನ್ ಗೋ ತೀರ್ಕೊಂಡ ಮೇಲೆ ತಮ್ಮ ಥಿಯೋ ಅಣ್ಣನ ಬಗ್ಗೆ ಮಾತಾಡೋ ನಾಟಕ, ರಂಗರೂಪಾನೂ ಅವ್ರೇ ತಿದ್ದಿ ಬರೆದು ವರ್ಷಗಟ್ಲೆ ಊರೂರು ಆಡಿದ್ರು, ಮಿನಿಯಾಪೊಲಿಸ್‌ನ ಗತ್ರೀ ಥಿಯೇಟರಲ್ಲಿ ಆಡಿದ್ದರ ರೆಕಾರ್ಡಿಂಗ್ ಇದೆ. ಥಿಯೋ ಆಗಿ ಮಾತಾಡ್ತಾ ಮಾತಾಡ್ತಾ ಮಧ್ಯೆ ವಿನ್ಸೆಂಟ್ ಆಗ್ಬಿಡ್ತಾರೆ. ಸ್ಪಾಕ್ ಅಲ್ಲಿ ಅದುಮಿಟ್ಟಿದ್ದೆಲ್ಲಾ ಇಲ್ಲಿ ಹೊರಗ್ ಬಂದಿದೆ ಅನ್ನೋ ಹಂಗಿದೆ.

ಮಾತಿನಮಲ್ಲ:
ಏನ್ರಿ ಎಲ್ಲಾರೂ ನಿಮೋಯ್ ನಿಮೋಯ್ ಅಂತ ಕುಂತೀರಿ, ಅದ ಹಡಗಿನ್ಯಾಗ ಇದ್ದ ಉಳದವ್ರ ಕಥಿ ಯಾರ್ ಹೇಳವ್ರು? ನಷ್ಟ ಅಂದ್ರ ಏನಂತ ನೋಡಬೇಕಂದ್ರ ಅವರ ಕಡೆ ನೋಡ್ರಿ. ಡಿಫಾರೆಸ್ಟ್ ಕೆಲ್ಲಿ ಅಂದ್ರ ಆ ಹಡಗಿನ ಡಾಕ್ಟರ್, ಮೊದಲ ವೆಸ್ಟರ್ನ್ ಸಿನಿಮಾದಾಗ ಕೈತುಂಬ ಕೆಲಸ ಇದ್ದಾಂವ, ಸೀರಿಯಲ್ ಮುಗದ ಮ್ಯಾಲ ಹೆಚ್ಚುಕಮ್ಮಿ ಅಷ್ಟಕ್ಕ ನಿಂತ. ಹಡಗಿನ ಎಂಜಿನಿಯರ್ ಸ್ಕಾಟಿ ಮಾಡಿದ ಜೇಮ್ಸ್ ಡೂಹನ್ ಅಂತೂ ಎರಡನೇ ಮಹಾಯುದ್ಧದಾಗ ನಾರ್ಮಂಡಿ ದಂಡಿಮ್ಯಾಲ ಇಳದು ಗುಂಡು ತಿಂದು ಬೆರಳು ಕಳಕೊಂಡ ಮನುಷ್ಯಾ, ಎಷ್ಟೋ ಭಾಷಾದ ಧಾಟಿ ಆಡಿ ತೋರ್ಸಾಂವ, ಅಂಥಾವಗ ಎಲ್ಲಿ ಹೋದ್ರೂ ಸ್ಕಾಟ್‌ಲೆಂಡಿನವನ ಪಾತ್ರ ಇಲ್ಲ ಹೋಗು ಅನ್ನೋರು. ಅಭಿಮಾನಿಗಳ ಸಮಾವೇಶದ ರೊಕ್ಕದ ಮ್ಯಾಲ ಸಂಸಾರ ನಡದದ್ದು. ನಿಶೆಲ್ ನಿಕೊಲ್ಸ್ ಹೆಸರು ಟೀವಿಕ್ಕಿಂತ ನಾಸಾದಾಗ ಆತು, 1977ರಾಗ ಹೆಣ್ಮಕ್ಕಳನ್ನ, ಕರಿಯರನ್ನ ಗಗನಯಾತ್ರಿ ಕೆಲಸಕ್ಕ ಅರ್ಜಿ ಹಾಕ್ರಿ ಅಂತ ಊರೂರು ತಿರುಗಿದ್ರು.

ಇಷ್ಟು ಮಂದಿಗೆ ಅದ ಪಾತ್ರ ಗೋಡೆ ಆತು, ಇವರಿಗೊಬ್ಬರಿಗೆ ಬಾಗಿಲಾತು. ಪಾತ್ರದ ದೊಡ್ಡತನಾ ಏನು ಮನುಷ್ಯಾರ ದೊಡ್ಡತನಾ, ಅದನ್ನ ಹೇಳ್ರಿ.

ಸಂಜೆಮಲ್ಲಿಗೆ:
@ಮಾತಿನಮಲ್ಲ ಸರಿಯಾಗಿ ಕೇಳಿದ್ರಿ. ನಿಕೊಲ್ಸ್ ವಿಷ್ಯ ಬಂತಲ್ಲ, ಅವ್ರಿಗೆ ಜೊತೆಯ ಗಂಡಸ್ರಿಗಿಂತ ಕಮ್ಮಿ ಸಂಬಳ ಅಂತ ಗೊತ್ತಾದಾಗ ನಿಮೋಯ್ ಹೋಗಿ ಆಫೀಸಲ್ಲಿ ಕೇಳಿ ಸರಿ ಮಾಡ್ಸಿದ್ರು ಅಂತ ಜೊತೆ ನಟ ವಾಲ್ಟರ್ ಕೊನಿಗ್ ಹೇಳಿರೋದಿದೆ. 1973ರ ಸ್ಟಾರ್ ಟ್ರೆಕ್ ಕಾರ್ಟೂನ್ ಸರಣಿಲಿ ದುಡ್ಡು ಉಳ್ಸೋಕೆ ನಿಕೊಲ್ಸ್‌ನೂ ಇನ್ನೊಬ್ಬ ಜೊತೆ ನಟ ಜಾರ್ಜ್ ಟಕೈನೂ ಬಿಡೋಣ ಅಂದಾಗ ಅವ್ರಿಲ್ದೆ ನಾನೂ ದನಿ ಕೊಡಲ್ಲ ಅಂತ ಕೂತ್ರು, ಇಬ್ರನ್ನೂ ತಗೋಬೇಕಾಯ್ತು. ಟಕೈ ಇದನ್ನ ಆಮೇಲೂ ಹೇಳ್ಕೊಂಡು ಬಂದಿದಾರೆ.

ಗೂಬೆಕಣ್ಣು:
ಇದಕ್ಕೆ ಉತ್ತರ ಅರ್ಧ ಪಾತ್ರ ಅರ್ಧ ಚೌಕಾಸಿ. ಮೊದಲ ಸೀಸನ್ನಲ್ಲಿ ಎಪಿಸೋಡಿಗೆ 1,250 ಡಾಲರ್ ಇತ್ತು, ಜನಪ್ರಿಯ ಆದ್ಮೇಲೆ ಗಟ್ಟಿಯಾಗಿ ಕೂತು ಎರಡನೇ ಸೀಸನ್ನಿಗೆ 2,500 ಮಾಡ್ಸಿದ್ರು, ಸ್ಟುಡಿಯೋದವ್ರು ಇವ್ರ ಬದಲಿಗೆ ಯಾರನ್ನ ಹಾಕೋಣ ಅಂತ ಪಟ್ಟಿ ಕೂಡಾ ಮಾಡಿದ್ರು. ಹಡಗಿನ ಕ್ಯಾಪ್ಟನ್ ಪಾತ್ರದ ಶಾಟ್ನರ್‌ಗೆ ಹೊಟ್ಟೆಕಿಚ್ಚು ಶುರುವಾಗಿ, ಹೀರೊ ನಾನು ಕಾಗದ ಅವನಿಗೆ ಅಂತ, ರಾಡನ್‌ಬೆರಿ ಪಾಪ ಸೈಫೈ ಲೇಖಕ ಐಸಾಕ್ ಅಸಿಮೋವ್‌ಗೇ ಪತ್ರ ಬರೆದು ಏನ್ ಮಾಡ್ಲಿ ಅಂತ ಕೇಳಿದ್ರು. ಇಬ್ರನ್ನೂ ಬಿಡಿಸ್ಲಾರದ ಜೋಡಿ ಮಾಡಿ ಅನ್ನೋದು ಅಸಿಮೋವ್ ಕೊಟ್ಟ ಸಲಹೆ.

ಎಪ್ಪತ್ತರ ದಶಕದಲ್ಲಿ ಲಂಡನ್ನಲ್ಲಿ ಬಿಯರ್ ಜಾಹೀರಾತಿನ ಬೋರ್ಡಲ್ಲಿ ಸ್ಪಾಕ್ ಮುಖ, ಜೋತುಬಿದ್ದ ಕಿವಿ ಬಿಯರ್ ಕುಡಿದ್ಮೇಲೆ ನೆಟ್ಟಗಾಗುತ್ತೆ ಅನ್ನೋ ಚಿತ್ರ. ಇವ್ರಿಗೆ ಬಿಡಿಗಾಸು ಬಂದಿರ್ಲಿಲ್ಲ. ಪ್ಯಾರಮೌಂಟ್ ಸ್ಟುಡಿಯೋ ಮೇಲೆ ಕೇಸು, 1979ರ ಮೊದಲ ಸ್ಟಾರ್ ಟ್ರೆಕ್ ಸಿನಿಮಾಗೆ ಕರೆದಾಗ ಆ ಲೆಕ್ಕ ಚುಕ್ತಾ ಆದ್ಮೇಲೇನೇ ಒಪ್ಪಿದ್ದು. ತಮ್ಮ ಮುಖದ ಬೆಲೆ ಗೊತ್ತಿದ್ದ ಮನುಷ್ಯ.

ಹಳೇಟೀವಿ_ಹುಚ್ಚ:
@ಮಾತಿನಮಲ್ಲ ಅಣ್ಣಾ ನಿಮ್ ಪ್ರಶ್ನೆಗೆ ನನ್ ಉತ್ತರ 1982. ಎರಡನೇ ಸ್ಟಾರ್ ಟ್ರೆಕ್ ಸಿನಿಮಾಗೆ ನಿಮೋಯ್‌ಗೆ ಬರೋ ಮನಸಿರ್ಲಿಲ್ಲ, ನಿರ್ಮಾಪಕ ಹಾರ್ವ್ ಬೆನೆಟ್ ಒಂದು ಅದ್ಭುತ ಸಾವು ಕೊಡ್ತೀನಿ ಬಾ ಅಂತ ಕರೆದ್ರು. ಸುದ್ದಿ ಹೊರಗೆ ಬಂದು ಅಭಿಮಾನಿಗಳು ರೊಚ್ಚಿಗೆದ್ರು, ಅದಕ್ಕೇ ಸಿನಿಮಾ ಶುರುನಲ್ಲೇ ಸುಳ್ಳು ಸಾವು ಒಂದು ತೋರ್ಸಿ ಎಲ್ರನ್ನೂ ಏಮಾರ್ಸಿದ್ದು. ಆದ್ರೆ ಶೂಟಿಂಗ್ ಮಾಡ್ತಾ ಮಾಡ್ತಾ ನಿಮೋಯ್‌ಗೇ ಕೆಲಸ ಹಿಡಿಸ್ಬಿಡ್ತು, ಸಾಯ್ಬೇಕಾಗಿದ್ದಕ್ಕೆ ಬೇಜಾರು. ಮೂರನೇದಕ್ಕೆ ಕರೆದಾಗ ಇವ್ರು ಕೇಳಿದ್ದು ನಿರ್ದೇಶನ. ಪ್ಯಾರಮೌಂಟಿನ ಮೈಕೆಲ್ ಐಸ್ನರ್ ಆಗಲ್ಲ ಅಂದ್ರು, ಸ್ಪಾಕ್ ಕಂಡ್ರೆ ಆಗಲ್ಲ ನಿಂಗೆ, ಸಾಯ್ಸಿ ಅಂತ ಕಾಂಟ್ರಾಕ್ಟಲ್ಲೇ ಬರೆಸ್ಕೊಂಡಿದೀಯ ಅಂತ! ಅಂಥದ್ದೇನೂ ಇರ್ಲಿಲ್ಲ, ಕಾಂಟ್ರಾಕ್ಟ್ ತೆಗೆದು ನೋಡಿ ಅಂದ್ರು ಇವ್ರು.

ಅಲ್ಲಿಂದ ಮುಂದೆ ಲೆಕ್ಕ ಹಾಕಿ. 1984ರಲ್ಲಿ ಮೂರನೇದು, 1986ರಲ್ಲಿ ತಿಮಿಂಗಿಲದ ಕಥೆ ಇರೋ ನಾಲ್ಕನೇದು, ಅಮೆರಿಕದಲ್ಲೇ 10 ಕೋಟಿ ಡಾಲರ್ ದಾಟ್ತು. 1987ರಲ್ಲಿ ತ್ರೀ ಮೆನ್ ಅಂಡ್ ಎ ಬೇಬಿ, ಅದ್ರಲ್ಲಿ ರಾಕೆಟ್ ಇಲ್ಲ ಕಿವಿ ಇಲ್ಲ, ಮೂರು ಜನ ಬ್ರಹ್ಮಚಾರಿಗಳು ಒಂದು ಕೂಸು, ಆ ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ದುಡ್ಡು ಮಾಡಿದ ಸಿನಿಮಾ ಅದೇ. ಎಷ್ಟು ಜನಕ್ಕೆ ಗೊತ್ತು ಅದು ನಿಮೋಯ್ ನಿರ್ದೇಶನ ಅಂತ? ಸ್ಪಾಕ್ ಬಿಟ್ಟುಕೊಡ್ತೀನಿ ಅಂತ ಹೆದರ್ಸೋಕಾಗಿದ್ದಕ್ಕೇ ನಿರ್ದೇಶಕರ ಕುರ್ಚಿ ಸಿಕ್ಕಿದ್ದು. ಡೂಹನ್‌ಗೆ ಅಂಥ ಹಿಡಿತ ಇರ್ಲಿಲ್ಲ, ಅಷ್ಟೇ ವ್ಯತ್ಯಾಸ.

ಎದುರ್‌ವಾದಿ:
ನಿರ್ದೇಶಕರಾಗಿ ಗೆದ್ರು, ಒಪ್ಪಿದೆ. ನಟರಾಗಿ? 1982ರಲ್ಲಿ ಇಸ್ರೇಲ್ ಪ್ರಧಾನಿ ಆಗಿದ್ದ ಗೋಲ್ಡಾ ಮೇಯರ್ ಬಗ್ಗೆ ಟೀವಿ ಚಿತ್ರದಲ್ಲಿ ಇಂಗ್ರಿಡ್ ಬರ್ಗ್‌ಮನ್ ಎದುರು ಗಂಡನ ಪಾತ್ರ, ಎಮ್ಮಿ ನಾಮಿನೇಷನ್ ಬಂತು, ಅಂಥವು ಇನ್ನೆಷ್ಟು ಬರ್ಬೇಕಿತ್ತು? 1991ರಲ್ಲಿ ನೆಕ್ಸ್ಟ್ ಜನರೇಷನ್ ಅನ್ನೋ ಆಮೇಲಿನ ಸ್ಟಾರ್ ಟ್ರೆಕ್ ಸೀರಿಯಲ್‌ಗೆ ಸ್ಪಾಕ್ ಆಗಿ ಬಂದಿದ್ದೂ ಅದೇ ಟೈಮಿಗೆ ಬರ್ತಿದ್ದ ಆರನೇ ಸಿನಿಮಾ ಪ್ರಚಾರ ಆಗ್ಲಿ ಅಂತ್ಲೇ. 2009ರಲ್ಲಿ ಮತ್ತೆ ಸ್ಪಾಕ್, 2013ರಲ್ಲಿ ಮತ್ತೆ ಸ್ಪಾಕ್. ಫ್ರಿಂಜ್ ಸೀರಿಯಲ್ಲಲ್ಲಿ ವಿಲಿಯಂ ಬೆಲ್ ಪಾತ್ರ ಮಾಡಿದ್ದೂ ಸೈಫೈ.

ಗೂಬೆಕಣ್ಣು:
ಫ್ರಿಂಜ್ ಬಗ್ಗೆ ಒಂದು ತಮಾಷೆ, 2010ರಲ್ಲಿ ನಟನೆಗೆ ನಿವೃತ್ತಿ ಅಂದ್ರು, ಮುಂದಿನ ವರ್ಷ ಬೆಲ್ ಪಾತ್ರ ಬೇಕಾದಾಗ ಅವ್ರನ್ನ ಕಾರ್ಟೂನ್ ಮಾಡಿ ತೋರ್ಸಿದ್ರು, ದನಿ ಮಾತ್ರ ಅವ್ರದ್ದು.

ಸಂಜೆಮಲ್ಲಿಗೆ:
ಸ್ಪಾಕ್ ಅಲ್ದೇ ಇರೋದು ಒಂದೇ ಒಂದು ನೋಡ್ಬೇಕಂದ್ರೆ ಯಾವ್ದು ನೋಡ್ಲಿ? ನಾಟಕ ಬೇಡ, ಟೀವಿಲಿ ಹೇಳಿ.

ರಂಗದಹಿಂದೆ:
ಕೊಲಂಬೊ ಅನ್ನೋ ಪತ್ತೇದಾರಿ ಸೀರಿಯಲ್ಲಿನ 1973ರ ಎಪಿಸೋಡ್, ಹಾರ್ಟ್ ಸರ್ಜನ್ ಪಾತ್ರ. ಕಥೆ ಹೇಳಲ್ಲ, ಹೊಲಿಗೆ ದಾರದ ವಿಷ್ಯ ಅಂತ ಇಟ್ಕೊಳಿ. ಅದೇ ತಣ್ಣನೆ ಮುಖ, ಅದೇ ಎತ್ತಿದ ಹುಬ್ಬು, ಆದ್ರೆ ಇಲ್ಲಿ ಒಳಗಿರೋದು ವಿಷ. ಪತ್ತೇದಾರ ಕೊಲಂಬೊ ಅಂದ್ರೆ ಯಾವಾಗ್ಲೂ ತಲೆ ಕೆರ್ಕೊಂಡು ನಗ್ತಾ ಮಾತಾಡೋನು, ಇವ್ರ ಎದುರು ಒಂದು ಸೀನಲ್ಲಿ ತಾಳ್ಮೆ ಕಳ್ಕೊಂಡು ಮೇಜಿನ ಮೇಲಿರೋ ನೀರಿನ ಜಗ್ ಎತ್ತಿ ಕುಟ್ತಾನೆ. ಅವನನ್ನ ಅಷ್ಟು ಕೆಣಕೋಕೆ ಆಗಿರೋ ವಿಲನ್‌ಗಳು ಬೆರಳೆಣಿಕೆಯಷ್ಟು. ಆಗ ನಿಮೋಯ್ ಏನ್ ಮಾಡ್ತಾರೆ ಅಂದ್ರೆ ನಗ್ತಿರ್ತಾರೆ, ಆ ನಗು ನಿಂತೋಗೋ ಕ್ಷಣ ನೋಡಿ.

ಮಾತಿನಮಲ್ಲ:
ನೋಡ್ತೀನ್ರಿ ರಾತ್ರಿಗೆ. ಹಾಡಿನ ಮಾತು ಯಾರೂ ತಗೀಲಿಲ್ಲ ಪುಣ್ಯಾ. ಅವರ ಹಾಡು ಕೇಳಿದ್ರ ಈ ಥ್ರೆಡ್ಡಿನ ವಾದ ಎಲ್ಲಾ ಎದುರ್‌ವಾದಿ ಕಡೆ ಹೊಳ್ಳತೈತಿ 😄

ಹಳೇಟೀವಿ_ಹುಚ್ಚ:
😂 ಹಾಡು ಬಿಟ್ಟಾಕಿ ಅಣ್ಣಾ, ಅದಕ್ಕೆ ನನ್ ಹತ್ರ ಸಮರ್ಥನೆ ಇಲ್ಲ.

@ಎದುರ್‌ವಾದಿ ನೀನು 1991 ಅಂದ್ಯಲ್ಲ, ಅದೇ ವರ್ಷ ನೆವರ್ ಫರ್ಗೆಟ್ ಅಂತ ಒಂದು ಟೀವಿ ಚಿತ್ರ ಬಂತು, ನಾಜಿಗಳ ಆಶ್ವಿಟ್ಜ್ ಶಿಬಿರದಲ್ಲಿ ಬದುಕುಳಿದು ಬಂದ ಮೆಲ್ ಮರ್ಮೆಲ್‌ಸ್ಟೈನ್ ಪಾತ್ರ ಮಾಡಿದ್ರು ನಿಮೋಯ್. ಯಹೂದಿಗಳನ್ನ ಗ್ಯಾಸಲ್ಲಿ ಕೊಂದಿದ್ದೇ ಸುಳ್ಳು, ಸಾಬೀತು ಮಾಡಿದ್ರೆ 50,000 ಡಾಲರ್ ಕೊಡ್ತೀವಿ ಅಂತ ಸವಾಲು ಹಾಕಿದೋರನ್ನ ಆ ಮನುಷ್ಯ ಕ್ಯಾಲಿಫೋರ್ನಿಯಾ ಕೋರ್ಟಿಗೆ ಎಳೆದು ಗೆದ್ದ ನಿಜವಾದ ಕೇಸು ಅದು. ಬರೀ ನಟನೆ ಅಲ್ಲ, ನಿರ್ಮಾಣದಲ್ಲೂ ಇವ್ರ ಕೈ ಇತ್ತು. ಆರನೇ ಸಿನಿಮಾಗೆ ಸ್ಪಾಕ್ ಆಗಿ ಕಿವಿ ಹಾಕಿದ ವರ್ಷಾನೇ ಇದೂ ಆಗಿದ್ದು. ಬಾಸ್ಟನ್ನಿನ ಕಟಿಂಗ್ ಶಾಪಿನವ್ರ ಮಗ, ಬರೀ ಗೆಸ್ಟ್ ಪಾತ್ರ ಮಾಡ್ಕೊಂಡು ಅರವತ್ತಾಗಿದ್ರೆ, ಇಂಥದ್ದೊಂದು ಮಾಡೋಣ ಅಂತ ಚಾನೆಲ್ ಬಾಗಿಲಿಗೆ ಹೋದಾಗ ಯಾರು ಒಳಗೆ ಕರೀತಿದ್ರು ಹೇಳು.

ಎದುರ್‌ವಾದಿ:
ಅದನ್ನ ನೋಡಿಲ್ಲ ನಾನು. ಕೊಲಂಬೊ ನೋಡಿದೀನಿ, ಅಂಥ ವಿಲನ್ ಪಾತ್ರ ಇನ್ನೊಂದಿಪ್ಪತ್ತು ಬರ್ಬೇಕಿತ್ತು ಅನ್ನೋ ಮಾತಿಂದ ಮಾತ್ರ ಹಿಂದೆ ಸರಿಯಲ್ಲ.